ಅತ್ತೆ ದಾಟಿಸಿದ ಸೇತುವೆ

ಮಕ್ಕಳ ಮುಂದೆ ನಿಂತು ಯುದ್ಧ ಗೆಲ್ಲುವಷ್ಟು ಸುಲಭವಾದ ಕೆಲಸ ಇನ್ನೊಂದಿಲ್ಲ. ಯಲಿಯೂರು ಕಡೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾದ ನಾನು ಎರಡನೆಯ ಮಹಾಯುದ್ಧವನ್ನು ಇಪ್ಪತ್ತೆರಡು ಸಲ ಗೆದ್ದಿದ್ದೇನೆ. ಪ್ರತಿ ಸಲವೂ ಎರಡೇ ಪೀರಿಯಡ್ಡು. ಕಾರಣಗಳಿಗೆ ಒಂದು, ಪರಿಣಾಮಗಳಿಗೆ ಇನ್ನೊಂದು. ಯುದ್ಧ ನಡೆಯುತ್ತಿದ್ದದ್ದು ಇವೆರಡರ ನಡುವೆ, ಬೆಲ್ ಹೊಡೆಯುವಾಗ. ಇಂಥ ನಾನು ಈ ಬೇಸಿಗೆ ರಜೆಯಲ್ಲಿ ಮಂಡ್ಯದ ನಮ್ಮ ಮನೆಯ ಹಾಲಿನಲ್ಲಿ ಕೂತು, ಒಂದೇ ಒಂದು ಸೇತುವೆ ಉಡಾಯಿಸಲು ಹೋಗಿ ನಾಲ್ಕು ಜನ ಸೈನಿಕರನ್ನು ಎಷ್ಟು ಸಲ ಕೊಲ್ಲಿಸಿದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಇದಕ್ಕೆಲ್ಲ ಮೂಲ ನನ್ನ ಮಗಳು ಸಿಂಚನಾ. ಹೊಸ ಲ್ಯಾಪ್‌ಟಾಪ್ ಬಂದ ಮೇಲೆ ಹಳೆಯದನ್ನು ನನ್ನ ತಲೆಗೆ ಕಟ್ಟಿದಳು. ಅದರಲ್ಲಿ ಒಂದು ಯುದ್ಧದ ಆಟವಿತ್ತು. ಯುದ್ಧ ಅಂದರೆ ಢಂ ಢಂ ಅನ್ನುವಂಥದ್ದಲ್ಲ. ಕದ್ದು ಹೋಗುವ ಯುದ್ಧ. ನಮ್ಮ ಕಡೆಯವರು ನಾಲ್ಕೇ ಜನ, ಶತ್ರುಗಳು ಊರು ತುಂಬ. ಪ್ರತಿ ಕಾವಲುಗಾರನ ಮುಂದೆ ನೆಲದ ಮೇಲೆ ಮೊರದ ಆಕಾರದಲ್ಲಿ ಹಸಿರು ಬೆಳಕು ಬಿದ್ದಿರುತ್ತದೆ. ಅದು ಅವನ ಕಣ್ಣು ಹಾಯುವ ಜಾಗ. ಆ ಮೊರದೊಳಗೆ ನಮ್ಮವನ ಬೂಟಿನ ತುದಿ ಬಿದ್ದರೂ ಸೈರನ್ ಕೂಗುತ್ತದೆ, ಎರಡು ನಿಮಿಷದಲ್ಲಿ ನಾಲ್ವರೂ ಖಲಾಸ್. ಮಗಳು ಆ ಸೇತುವೆಯನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿದ್ದಳಂತೆ. ನಾನು ಒಂಬತ್ತು ದಿನದಿಂದ ನದಿಯ ಈಚೆಯ ದಡದಲ್ಲೇ ಇದ್ದೆ. ಊಟಕ್ಕೆ ಕೂತಾಗಲೆಲ್ಲ ಅವಳು, ಯುದ್ಧದ ಪರಿಣಾಮಗಳು ಎಲ್ಲಿಗೆ ಬಂದವು ಎಂದು ವಿಚಾರಿಸುತ್ತಿದ್ದಳು.

ಆ ಒಂಬತ್ತು ದಿನಗಳ ನಡುವೆಯೇ ಹೊಳಲಿನಿಂದ ನನ್ನ ಅತ್ತೆ ಚಿಕ್ಕತಾಯಮ್ಮನವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದು ನಮ್ಮಲ್ಲಿ ಉಳಿದರು. ನಮ್ಮತ್ತೆಯದು ಹಳೆಯ ಪದ್ಧತಿ. ಅಳಿಯನ ಎದುರು ಕುರ್ಚಿಯಲ್ಲಿ ಕೂರುವುದಿಲ್ಲ, ಅಳಿಯನ ಮುಖ ನೋಡಿ ಮಾತಾಡುವುದಿಲ್ಲ. ಮದುವೆಯಾಗಿ ಇಪ್ಪತ್ತೊಂದು ವರ್ಷವಾದರೂ ನನಗೆ ಹೇಳಬೇಕಾದ್ದನ್ನೆಲ್ಲ ನನ್ನ ಹೆಂಡತಿ ಜಯಳ ಮೂಲಕವೇ ಹೇಳುತ್ತಿದ್ದರು. ನಾನು ಎರಡು ಮಾರು ದೂರದಲ್ಲಿ ಉಣ್ಣುತ್ತಿದ್ದರೂ, ಅವರಿಗೆ ಇನ್ನೊಂದು ಮುದ್ದೆ ಬೇಕಾ ಕೇಳು ಎಂದು ಅಡುಗೆಮನೆಯ ಕಡೆಗೆ ಕೂಗುವರು. ಒಮ್ಮೆ ನಾನು ಷರ್ಟನ್ನು ತಿರುಗುಮುರುಗಾಗಿ ಹಾಕಿಕೊಂಡು ಮಳವಳ್ಳಿಯ ಒಂದು ಮದುವೆಗೆ ಹೊರಟಿದ್ದೆ. ಜಯ ಸ್ನಾನಕ್ಕೆ ಹೋಗಿದ್ದಳು. ಅತ್ತೆ ನೋಡಿದರು, ಹೇಳಲಾರದೆ ಎರಡು ಸಲ ಕೆಮ್ಮಿದರು. ನಾನು ಚೊಂಬಿನಲ್ಲಿ ನೀರು ತಂದಿಟ್ಟು ಹೊರಟುಹೋದೆ. ಮಳವಳ್ಳಿಯಲ್ಲಿ ಆದದ್ದನ್ನು ಇಲ್ಲಿ ಬರೆಯುವುದಿಲ್ಲ.

ಆಪರೇಷನ್ ಆದ ಮೇಲೆ ಡಾಕ್ಟರು ಬಗ್ಗಬಾರದು, ಒಲೆಯ ಹತ್ತಿರ ಹೋಗಬಾರದು ಎಂದಿದ್ದರು. ಕಸ ಗುಡಿಸುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ. ಪಾಪ, ಅತ್ತೆ ಬಾಗಿಲ ಪಕ್ಕ ಗೋಡೆಗೊರಗಿ ನಿಂತು ಹೊಸ ಕಣ್ಣಿನಿಂದ ಮನೆಯನ್ನೆಲ್ಲ ನೋಡುತ್ತಿದ್ದರು. ಹಾಗೆ ನನ್ನ ಬೆನ್ನ ಹಿಂದಿನಿಂದ ಲ್ಯಾಪ್‌ಟಾಪನ್ನೂ ನೋಡುತ್ತಿದ್ದಾರೆ ಎನ್ನುವುದು ನನಗೆ ಗೊತ್ತಿರಲಿಲ್ಲ.

ಹತ್ತನೆಯ ದಿನ ಬೆಳಗ್ಗೆ ನನ್ನ ಕ್ಯಾಪ್ಟನ್ ಹುಲ್ಲಿನ ಮೆದೆಯ ಹಿಂದಿನಿಂದ ಹೊರಟಿದ್ದ. ಇನ್ನೇನು ಓಡಿಸಬೇಕು, ಅಷ್ಟರಲ್ಲಿ ಹಿಂದಿನಿಂದ ಧ್ವನಿ ಬಂತು.

“ಬಗ್ಗಿಕಳಿ ಅಳಿಯಂದ್ರೇ, ಅವ್ನು ತಿರುಗ್ತಾವ್ನೆ.”

ನಾನು ಯೋಚಿಸದೆ ಕೀಲಿ ಒತ್ತಿದೆ. ಕ್ಯಾಪ್ಟನ್ ನೆಲಕ್ಕೆ ಬಿದ್ದ. ಹಸಿರು ಮೊರ ಅವನ ಟೋಪಿಯ ಪಕ್ಕದಲ್ಲೇ ಹಾದುಹೋಯಿತು. ಬದುಕಿದ! ಆಮೇಲೆ ನನಗೆ ಅರ್ಥವಾಯಿತು, ಮಾತಾಡಿದವರು ಯಾರೆಂದು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಜಯ ಹಿಟ್ಟಿನ ಕೈಯಲ್ಲೇ ಬಂದು ನನ್ನನ್ನೊಮ್ಮೆ, ತಾಯಿಯನ್ನೊಮ್ಮೆ ನೋಡಿದಳು. ಅತ್ತೆ ಸೆರಗು ಸರಿಮಾಡಿಕೊಂಡರು. ಒಂದು ಗಳಿಗೆ ನೆಲ ನೋಡಿದರು. ಹೋದದ್ದು ಹೋಯಿತು ಅನ್ನುವ ಹಾಗೆ ಕುರ್ಚಿ ಎಳೆದು ನನ್ನ ಪಕ್ಕದಲ್ಲಿ ಕೂತೇಬಿಟ್ಟರು.

ಅವರ ಮೊದಲ ಅಪ್ಪಣೆ, ನಾನು ಯಾವ ಕೀಲಿಯನ್ನೂ ಮುಟ್ಟಬಾರದು ಎಂಬುದು. ಅರ್ಧ ಗಂಟೆ ಇಬ್ಬರೂ ಸುಮ್ಮನೆ ಕೂತು ಕಾವಲುಗಾರರನ್ನು ನೋಡಿದೆವು. ಒಂಬತ್ತು ದಿನದಲ್ಲಿ ನನಗೆ ಕಾಣದಿದ್ದದ್ದು ಅವರಿಗೆ ಒಂದೊಂದಾಗಿ ಕಂಡಿತು. ದಪ್ಪಗಿರುವವನು ಗೋಡೆಯ ಮೂಲೆಗೆ ಹೋಗಿ ಸಿಗರೇಟು ಹಚ್ಚುತ್ತಾನೆ. ಅವನು ವಾಪಸು ಬರುವ ತನಕ ಸಣಕಲ ಜಾಗ ಬಿಟ್ಟು ಕದಲುವುದಿಲ್ಲ. ಆ ಹೊತ್ತಿನಲ್ಲಿ ಅಟ್ಟಣೆಯ ಮೇಲಿನವನ ಮುಖ ನದಿಯ ಕಡೆಗೆ. ಇದೆಲ್ಲ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅತ್ತೆ ಮೊದಲ ಸಲ ನನ್ನ ಮುಖ ನೋಡಿ ನಕ್ಕರು.

“ನಾಲೆ ನೀರು ಬುಡೋ ನೀರುಗಂಟಿ ಟೀ ಕುಡಿಯಕ್ಕೆ ಓಗೋದ್ನೇ ಕಾಯ್ಕಂಡಿದ್ದು ನಮ್ಮ ಗದ್ದೆ ತೂಬು ತಿರುವ್ತಿದ್ದೆ. ನಿಮ್ಮ ಮಾವನೋರ್ಗೂ ಗೊತ್ತಿರ್ನಿಲ್ಲ, ನಮ್ಮ ಗದ್ದೆಗೆ ಯಾಕೆ ನೀರು ಜಾಸ್ತಿ ಬತ್ತದೆ ಅಂತ.”

ಅಡುಗೆಮನೆಯಿಂದ ಜಯ, ಇದನ್ನು ನನಗೂ ಹೇಳಿರಲಿಲ್ಲವಲ್ಲ ಎಂದಳು. ಯಾರೂ ಅವಳ ಕಡೆ ತಿರುಗಲಿಲ್ಲ.

ಆಮೇಲಿನ ಹದಿನೈದು ನಿಮಿಷ ನಡೆದದ್ದೇ ನಿಜವಾದ ಯುದ್ಧ. ದಪ್ಪನವನು ಮೂಲೆಗೆ ಹೋದ. ಅತ್ತೆ ನನ್ನ ಮೊಣಕೈ ಮುಟ್ಟಿದರು. ನಾನು ಒಬ್ಬನನ್ನು ದಾಟಿಸಿದೆ. ಮತ್ತೆ ಹೋದ; ಇನ್ನೊಬ್ಬ ದಾಟಿದ. ಮೂರನೆಯವನು ಸೇತುವೆಯ ನಡುವೆ ಇದ್ದಾಗ ಕುಕ್ಕರ್ ಸೀಟಿ ಹಾಕಿತು. ಇಬ್ಬರೂ ಸೈರನ್ನೇ ಎಂದುಕೊಂಡು ಬೆಚ್ಚಿಬಿದ್ದೆವು. ಜಯ ಓಡಿಹೋಗಿ ಗ್ಯಾಸ್ ಆರಿಸಿ ಬಂದು ನಮ್ಮ ಹಿಂದೆ ನಿಂತಳು. ಸಿಂಚನಾ ತನ್ನ ಫೋನು ಕೆಳಗಿಟ್ಟಳು. ನಾಲ್ಕನೆಯವನು ಕಂಬದ ಬುಡದಲ್ಲಿ ಮದ್ದಿಟ್ಟು ಹೊಟ್ಟೆ ಎಳೆದುಕೊಂಡು ಉಳಿದ ಮೂವರ ಕಡೆಗೆ ಹೋಗುವಾಗ ಸಣಕಲ ತಿರುಗಿದ. ಮೊರದ ತುದಿ ನಮ್ಮವನ ಬೂಟಿನ ಹತ್ತಿರಕ್ಕೆ ಬಂತು, ನಿಂತಿತು, ಹಿಂದೆ ಸರಿಯಿತು. ಅತ್ತೆ “ಈಗ” ಅಂದರು. ನಾನು ಒತ್ತಿದೆ. ಸೇತುವೆ ಆಕಾಶಕ್ಕೆ ಹಾರಿತು! ಅತ್ತೆ ನನ್ನ ಬೆನ್ನಿಗೆ ಬಲವಾಗಿ ಒಂದು ಏಟು ಕೊಟ್ಟರು. ಇಪ್ಪತ್ತೊಂದು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ಎಂದು ಅದನ್ನು ತೆಗೆದುಕೊಂಡೆ.

ಮಾರನೆಯ ವಾರ ಅವರು ಹೊಳಲಿಗೆ ಹೊರಟರು. ಹೊರಡುವ ಮುಂಚೆ ಮುಂದಿನ ಹಂತವಾದ ರೈಲ್ವೆ ಸ್ಟೇಷನ್ನನ್ನು ಐದು ನಿಮಿಷ ನೋಡಿ, ಏನೂ ಹೇಳದೆ ಆಟೋ ಹತ್ತಿದರು. ನಾನು ಒಬ್ಬನೇ ಮುಂದುವರಿಸಿದೆ. ಗೇಟಿನಲ್ಲೇ ದಿನವೂ ನಾಲ್ವರೂ ಸಾಯತೊಡಗಿದರು.

ಮೊನ್ನೆ ಅತ್ತೆಯ ಫೋನು ಬಂತು. ಜಯ ಎತ್ತಿಕೊಂಡರೆ, ಅಳಿಯಂದಿರಿಗೆ ಕೊಡು ಎಂದರಂತೆ. ಸ್ಟೇಷನ್ ಏನಾಯಿತು ಎಂದು ಕೇಳಿದರು. ಸೋತೆ ಎನ್ನಲು ಮನಸ್ಸು ಬರದೆ, ಅದು ಮುಗಿದು ಎರಡು ದಿನವಾಯಿತು ಎಂದೆ.

“ನಾಯಿಗಳ್ನ ಏನ್ ಮಾಡುದ್ರಿ?”

ಯಾವ ನಾಯಿ ಎಂದೆ. ಗೂಡ್ಸ್ ಶೆಡ್ಡಿನ ಹಿಂದೆ ಎರಡು ನಾಯಿ ಕಟ್ಟಿಹಾಕಿದ್ದಾರಂತೆ; ಹೊರಡುವ ದಿನ ಆ ಐದು ನಿಮಿಷದಲ್ಲೇ ಅತ್ತೆ ನೋಡಿಟ್ಟುಕೊಂಡಿದ್ದರು. ಗೇಟಿನ ಮೇಲೇ ಕಣ್ಣಿಟ್ಟವನಿಗೆ ಅವು ಕಾಣುವುದಾದರೂ ಹೇಗೆ?

“ಸುಕ್ರವಾರ ಕಣ್ಣು ತೋರ್ಸಕ್ಕೆ ಬತ್ತೀನಿ,” ಎಂದರು ಅತ್ತೆ. “ಅಲ್ಲೀಗಂಟ ಯಾರ್ನೂ ಸಾಯಿಸ್ಬೇಡಿ.”

ಆಯ್ತು ಎಂದೆ. ಇವತ್ತು ಬುಧವಾರ. ನಾಲ್ವರನ್ನೂ ಬೇಲಿಯಾಚೆಯ ಪೊದೆಯಲ್ಲಿ ಮಲಗಿಸಿ ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದೇನೆ. ಐದನೆಯವನಾಗಿ ನಾನೂ ಅಪ್ಪಣೆಗೆ ಕಾಯುತ್ತಿದ್ದೇನೆ.