ಕಾಕಾನ ಉಸಿರಿನ ಕಾಲುವೆ

ಜಗತ್ತಿನ ಎಲ್ಲರೂ ಮೂಗಿನಿಂದ ಉಸಿರಾಡುತ್ತಾರೆ. ನನ್ನ ಕಾಕಾ ಮಾತ್ರ ನೀರಾವರಿ ನಿಯಮದ ಪ್ರಕಾರ ಉಸಿರಾಡುತ್ತಿದ್ದರು! ನಗಬೇಡಿ. ನಗುವ ಕೆಲಸವನ್ನು ನಿಮ್ಮೆಲ್ಲರ ಪರವಾಗಿ ನಾನೇ ಎಷ್ಟೋ ವರ್ಷ ಮಾಡಿದ್ದೇನೆ, ಅದರ ಫಲವನ್ನೂ ಉಣ್ಣುತ್ತಿದ್ದೇನೆ. ಆದರೂ ಕಾಕಾನ ಕಥೆ ಹೇಳುತ್ತಾ ನಗದಿರುವುದು ನನಗೇ ಸಾಧ್ಯವಿಲ್ಲ ಎಂದ ಮೇಲೆ ನಿಮ್ಮನ್ನು ತಡೆಯಲು ನಾನ್ಯಾರು? ನಕ್ಕುಬಿಡಿ, ಹೋಗಲಿ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ನಾರಾಯಣಪುರದಲ್ಲಿ ಕಾಲುವೆಯ ಗೇಟು ಎತ್ತುವ, ಇಳಿಸುವ ಕೆಲಸದಲ್ಲಿ ಮೂವತ್ತು ವರ್ಷ ಇದ್ದು, ನಿವೃತ್ತರಾಗಿ ಸುರಪುರದ ಮನೆಗೆ ಬಂದರು. ಬಂದ ವರ್ಷವೇ ಊರಿನಲ್ಲಿ ಒಂದು ವಾರದ ಯೋಗ ಶಿಬಿರ ನಡೆಯಿತು. ಕೆಲವರು ಫೋಟೋಕ್ಕೆಂದು ಹೋದರು, ಕೆಲವರು ಕೊನೆಗೆ ಹಂಚುತ್ತಿದ್ದ ಮೊಳಕೆ ಕಾಳಿಗೆಂದು ಹೋದರು. ಕಾಕಾ ಕಾಳಿಗೆಂದು ಹೋದವರು ಪ್ರಾಣಶಕ್ತಿಯನ್ನು ಅಂಟಿಸಿಕೊಂಡು ಬಂದರು. ಶಿಬಿರದ ಗುರುಗಳು ಎಡಗಡೆಯದು ಇಡಾ ನಾಡಿ, ಬಲಗಡೆಯದು ಪಿಂಗಳಾ, ನಡುವೆ ಸುಷುಮ್ನಾ, ಇವುಗಳಲ್ಲಿ ಪ್ರಾಣ ಹರಿಯುತ್ತದೆ ಎಂದು ವಿವರಿಸುವಾಗ ಇಡೀ ಸಭೆ ಆಕಳಿಸುತ್ತಿತ್ತಂತೆ. ಕಾಕಾ ಒಬ್ಬರೇ ತೊಡೆ ತಟ್ಟಿ ಎದ್ದು ನಿಂತರಂತೆ.

"ಗುರುಗಳ, ಇದು ಎಡದಂಡಿ ಕಾಲುವಿ, ಇದು ಬಲದಂಡಿ ಕಾಲುವಿ, ನಡಬರಕ ಇರೂದು ಮೇನ್ ಕೆನಾಲ್. ಇಷ್ಟ ಹೇಳಾಕ ಮೂರು ದಿನಾ ಯಾಕ ತಗೊಂಡ್ರಿ?"

ಅಲ್ಲಿಂದ ಮುಂದೆ ಶಿಬಿರ ಗುರುಗಳ ಕೈಯಲ್ಲಿ ಉಳಿಯಲಿಲ್ಲ. ಎದೆ ಎಂದರೆ ಡ್ಯಾಮು, ಮೂಗಿನ ಹೊರಳೆಗಳು ಗೇಟು, ಮೈಯ ನರನಾಡಿಗಳೆಲ್ಲ ಉಪಕಾಲುವೆಗಳು. ಹಾಗಾದರೆ ರೋಗ ಬರುವುದೇಕೆ? ಕಾಕಾನ ಉತ್ತರ ಸಿದ್ಧವಾಗಿತ್ತು. "ಹೊಟ್ಟಿ ಅಂಬೋದು ಮ್ಯಾಲಿನ ಹೊಲದ ಗೌಡ ಇದ್ದಂಗ. ಬಂದ ಪ್ರಾಣ ಎಲ್ಲಾ ತಾನ ಹರಿಸ್ಕೊತಾನ. ಪಾಪ, ಕಾಲಿನ ಬಟ್ಟು ಟೇಲ್ ಎಂಡಿನ್ಯಾಗ ಕುಂತು ದಾರಿ ಕಾಯ್ತದ. ಅದಕ್ಕ ಮೊದಲ ಮುಪ್ಪು ಬರೂದು ಕಾಲಿಗಿ." ಕಾಲುವೆ ಸೀಮೆಯವರಿಗೆ ಟೇಲ್ ಎಂಡ್ ಎಂದರೆ ಬಿಡಿಸಿ ಹೇಳಬೇಕಿಲ್ಲ: ಕಾಲುವೆಯ ಕಟ್ಟಕಡೆಯ ಹೊಲ, ನೀರು ಬಂತು ಎಂಬ ಸುದ್ದಿ ಮಾತ್ರ ಬರುವ ಜಾಗ.

ಕಾಲುವೆ ಎಂದ ಮೇಲೆ ಪಾಳಿ ಬೇಡವೇ? ರೈತರಿಗೆ ಸರದಿಯ ಮೇಲೆ ನೀರು ಬಿಡುವ ಹಾಗೆ ಕಾಕಾ ಹೊರಳೆಗಳಿಗೂ ಪಾಳಿ ಹಾಕಿದರು. ಮುಂಜಾನೆ ಎಡಗಡೆ, ಸಂಜೆ ಬಲಗಡೆ. ಅವರ ಹೆಂಡತಿ, ಅಂದರೆ ನಮ್ಮ ಚಿಗವ್ವ, ಊಟಕ್ಕೆ ಕರೆದರೆ "ತಡಿ, ಇನ್ನಾ ಎಡದಂಡಿ ಪಾಳಿ ನಡದದ" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಒಮ್ಮೆ ಜೋರು ನೆಗಡಿಯಾಗಿ ಎರಡೂ ಕಡೆ ಕಟ್ಟಿಕೊಂಡಿತು. ಬಾಯಿ ತೆರೆದುಕೊಂಡು ಕುಳಿತಿದ್ದ ಅವರನ್ನು ನೋಡಿ ನಾನು, "ಕಾಕಾ, ಪ್ರಾಣಾಯಾಮ ಇಲ್ಲೇನ್ರಿ ಇವತ್ತು?" ಎಂದು ಕೆಣಕಿದೆ. ಕಾಕಾ ಗಂಭೀರವಾಗಿ ನುಡಿದರು: "ಎರಡೂ ಕಾಲುವಿ ರಿಪೇರಿಗಿ ಬಂದ್ ಮಾಡೀನಿ."

ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕಲ್ಲ, ಅದಕ್ಕಾಗಿ ಒಂದು ಸಲ ಅವರನ್ನು ಯಾದಗಿರಿಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅಲ್ಲಿಯೇ ಒಂದು ಕಚೇರಿಯಲ್ಲಿ ಗುಮಾಸ್ತ. ಸುರಪುರದ ಸ್ಟ್ಯಾಂಡಿನಲ್ಲಿ ಬಸ್ಸು ಬಂತು, ಜನ ಮುಗಿಬಿದ್ದರು, ಕಾಕಾ ಮಾತ್ರ ಬಾಗಿಲ ಮುಂದೆ ನಿಂತು ಮೂಗಿನ ಕೆಳಗೆ ಬೆರಳಿಟ್ಟು ಯಾವ ಕಡೆ ಉಸಿರು ಹರಿಯುತ್ತಿದೆ ಎಂದು ನೋಡತೊಡಗಿದರು. ಯಾವ ಕಡೆ ಉಸಿರೋ ಆ ಕಡೆಯ ಕಾಲನ್ನೇ ಮೊದಲು ಇಡಬೇಕಂತೆ! ಹಿಂದೆ ಹತ್ತು ಮಂದಿ, ಕೊಡ, ಚೀಲ, ಕೂಸು. "ಯಜಮಾನ್ರ, ಯಾವ ಕಾಲರ ಇಡ್ರಿ, ಟಿಕೆಟ್ ಎರಡೂ ಕಾಲಿಗಿ ಒಂದ ಅದ!" ಎಂದು ಕಂಡಕ್ಟರ್ ಕೂಗಿದ.

ಶಹಾಪುರ ಬಂತು. ಅಲ್ಲಿಯ ಬೆಟ್ಟಸಾಲು ಬುದ್ಧ ಅಂಗಾತ ಮಲಗಿದ ಹಾಗೆ ಕಾಣುತ್ತದೆ: ಹಣೆ, ಮೂಗು, ಎದೆ, ಎಲ್ಲ ಸ್ಪಷ್ಟ. ಕಾಕಾ ಕಿಟಕಿಯಿಂದ ಕೈ ತೋರಿಸಿ ನನಗೆ ಹೇಳಿದರು: "ಅವನ ಎದಿ ಬರೋಬರ್ ನೋಡು. ಏಳ್ತದ, ಇಳೀತದ. ಎಷ್ಟು ನಿಧಾನ ಅಂದ್ರ, ಒಂದ್ ಉಸುರಿಗಿ ಸಾವಿರ ವರ್ಷ." ಮುಂದಿನ ಸೀಟಿನವರು ತಿರುಗಿದರು, ಹಿಂದಿನವರು ಎದ್ದು ನಿಂತರು, ಅರ್ಧ ಬಸ್ಸು ಬೆಟ್ಟದ ಎದೆಯನ್ನೇ ನೋಡತೊಡಗಿತು. ಕಂಡಕ್ಟರನಿಗೆ ತಡೆಯಲಾಗಲಿಲ್ಲ. "ಇಪ್ಪತ್ತು ವರ್ಷ ಆತು ಇದ ರೂಟಿನ್ಯಾಗ ನೋಡಾಕತ್ತೀನಿ, ಒಮ್ಮಿನೂ ಎದ್ದು ಬಸ್ ಹತ್ತಿಲ್ರಿ ಅವ!"

ಬ್ಯಾಂಕಿನಲ್ಲಿ ಇನ್ನೊಂದು ಫಜೀತಿ. ಮೂವತ್ತು ವರ್ಷ ಗೇಟಿನ ಕಬ್ಬಿಣದ ಚಕ್ರ ತಿರುಗಿಸಿದ ಕೈ, ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ. ಯಂತ್ರದ ಮೇಲೆ ಎಷ್ಟು ಸಲ ಒತ್ತಿದರೂ ಇವರು ಇವರಲ್ಲ ಎಂದೇ ಬರುತ್ತದೆ. ಕಾಕಾನಿಗೆ ಸಿಟ್ಟು ಬಂತು. "ಬಟ್ಟಿನ್ಯಾಗ ಏನ್ ಅದ್ರಿ ಜೀವ? ಜೀವ ಇರೂದು ಉಸುರಿನ್ಯಾಗ. ಇಲ್ಲಿ ನೋಡ್ರಿ!" ಎಂದವರೇ ಕುರ್ಚಿಯ ಮೇಲೆ ಪದ್ಮಾಸನ ಹಾಕಿ, ಕಣ್ಣು ಮುಚ್ಚಿ, ಉಸಿರು ಹಿಡಿದು ಕುಳಿತುಬಿಟ್ಟರು. ಅರ್ಧ ನಿಮಿಷವಾಯಿತು, ಮುಕ್ಕಾಲು ನಿಮಿಷವಾಯಿತು. ಕೌಂಟರಿನ ಹೆಣ್ಣುಮಗಳು ಗಾಬರಿಯಾಗಿ ಎದ್ದು ನಿಂತಳು. "ಯಪ್ಪಾ, ಉಸುರು ಹಿಡದು ಕುಂತ್ರ ಇಲ್ಲ ಅಂತ ಬರಕೋಬೇಕಾಗ್ತದ್ರಿ! ಇದ್ದೀನಂತ ತೋರಿಸಾಕ ಬಿಟ್ಟು ತೋರಿಸ್ರಿ!" ಕೊನೆಗೆ ಕಣ್ಣಿನ ಗುರುತು ಹಿಡಿದು ಕೆಲಸ ಮುಗಿಸಿದರು.

ಮರಳಿ ಬರುವಾಗ ಬಸ್ಸಿನಲ್ಲಿ ಕಾಕಾ ನನ್ನ ಎದೆಯ ಮೇಲೆ ಅಂಗೈ ಇಟ್ಟರು.

"ತಮ್ಮಾ, ನೀ ಅರ್ಧಾ ಗೇಟಿನ್ಯಾಗ ಬದುಕಾಕತ್ತಿದಿ. ಉಸುರು ಇಲ್ಲಿ ಬರ್ತದ, ಇಲ್ಲಿಂದನ ವಾಪಸ್ ಹೋಗ್ತದ. ನಲವತ್ತು ದಿನಾ ನನ್ನ ಕೂಡ ಕುಂದ್ರು. ನಲವತ್ತ ದಿನಾ."

"ಕುಂದ್ರತೀನಿ ಬಿಡ್ರಿ ಕಾಕಾ."

"ಹಂಗಲ್ಲ. ಡ್ಯೂಟಿ ಮ್ಯಾಲ ಇದ್ದಾಗ ಟೇಲ್ ಎಂಡಿನ ಮಂದಿ ನಡಕೋತ ಬಂದು ಗೇಟಿನ ಹಂತ್ಯಾಕ ಕೈ ಕಟಗೊಂಡು ನಿಂದ್ರತಿದ್ರು. ನಮ್ಮ ಹೊಲಕ್ಕ ಎಂದ ಮುಟ್ಟತದ್ರಿ ಅಂತಿದ್ರು. ನಾ ಏನ್ ಹೇಳ್ಲಿ? ನಾ ಎತ್ತೂದು ಎತ್ತತಿದ್ದೆ, ಅವರಿಗಿ ಮುಟ್ಟತಿದ್ದಿಲ್ಲ. ಮೂವತ್ತು ವರ್ಷ ಅದ ಆತು. ಈಗ ನನ್ನ ಕೈಯಾಗ ಇರೂದು ಇದೊಂದ ವಿದ್ಯಾ. ಇದಾದ್ರೂ ಮನಿತನದಾಗ ಯಾರಿಗರ ಒಬ್ಬರಿಗಿ ಮುಟ್ಟಿದ್ರ ಸಾಕು ನನಗ."

ಕಾಕಾನ ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಅವರವರ ಸಂಸಾರದಲ್ಲಿದ್ದರು. ಕಾಕಾ ಆರಿಸಿದ್ದು ನನ್ನನ್ನು. ನಾನು ಏನು ಮಾಡಿದೆ? "ಬರೂ ಸೋಮವಾರದಿಂದ" ಎಂದೆ. ಆ ಸೋಮವಾರ ಕಚೇರಿಯಲ್ಲಿ ಆಡಿಟ್. ಮುಂದಿನದಕ್ಕೆ ಮಗಳ ಪರೀಕ್ಷೆ. ಆಮೇಲೆ ಶ್ರಾವಣದಿಂದ ಎಂದೆ, ಶ್ರಾವಣದಲ್ಲಿ ದಸರೆಯಿಂದ ಎಂದೆ, ದಸರೆಯಲ್ಲಿ ಚಳಿ ಹೋಗಲಿ ಎಂದೆ, ಚಳಿ ಹೋದ ಮೇಲೆ ನಮ್ಮ ಯಾದಗಿರಿಯ ಬಿಸಿಲು ಗೊತ್ತಲ್ಲ ಎಂದೆ. ಕಾಕಾ ಪ್ರತಿ ಸಲವೂ "ಆತು ತಮ್ಮಾ" ಎನ್ನುತ್ತಿದ್ದರು. ಒಮ್ಮೆಯಾದರೂ ಬೈದಿದ್ದರೆ ಹೋಗುತ್ತಿದ್ದೆನೋ ಏನೋ.

ನಾನು ಬಾರದಿದ್ದರೇನು, ಓಣಿಯವರು ಬಂದರು. ಚಹಾದಂಗಡಿಯವ, ಒಬ್ಬ ಟೇಲರ್, ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಅಕ್ಕೋರು, ಇನ್ನೂ ಮೂರು ನಾಲ್ಕು ಮಂದಿ ದಿನಾ ಬೆಳಗಾಗುವಾಗ ಕಾಕಾನ ಮಾಳಿಗೆ ಹತ್ತುತ್ತಿದ್ದರು. ಕಾಕಾ ಕೈಯಲ್ಲಿ ಇಲ್ಲದ ಚಕ್ರವನ್ನು ತಿರುಗಿಸುತ್ತಾ ಆಜ್ಞೆ ಕೊಡುವರು: "ಗೇಟ್ ಎತ್ರಿ... ನಿಧಾನ... ನಾಕು ಎಣಸ್ರಿ. ಹೊಟ್ಟಿ ಕಡಿ ಲಕ್ಷ್ಯ ಇಡ್ರಿ, ಅವ ಕದೀತಾನ! ಹಿಡೀರಿ... ಈಗ ಬಿಡ್ರಿ, ಎಂಟು ಎಣಸ್ರಿ, ತುದೀತನಾ ಮುಟ್ಟಲಿ..." ಭ್ರಾಮರಿ ಎಂದು ಎಲ್ಲರೂ ಮೂಗಿನಲ್ಲಿ ಗುಂಯ್‌ಗುಟ್ಟಿದರೆ ಪಕ್ಕದ ಮನೆಯ ಎಮ್ಮೆ ಕೊಟ್ಟಿಗೆಯಿಂದಲೇ ಉತ್ತರ ಕೊಡುತ್ತಿತ್ತು. "ಅದು ಎಲ್ಲರಕಿಂತ ಚೊಲೋ ಮಾಡ್ತದ" ಎಂದು ಅಕ್ಕೋರು ಬೇಸರಪಟ್ಟುಕೊಳ್ಳುತ್ತಿದ್ದರಂತೆ.

ನನಗೆ ಒಂದು ಕೆಟ್ಟ ಗುಣವಿದೆ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಸಾಕು, ಹಾಗೇ ಮಾತಾಡಿ ತೋರಿಸುತ್ತೇನೆ. ಕಚೇರಿಯ ಸಮಾರಂಭ, ಮದುವೆಮನೆ, ಎಲ್ಲೇ ಹೋದರೂ "ನಿಮ್ಮ ಕಾಕಾನ್ನ ಮಾಡ್ರಿ" ಎಂದು ಜನ ಕೇಳುತ್ತಿದ್ದರು. ಸುರಪುರಕ್ಕೆ ಹೋದಾಗ ಮಾಳಿಗೆಯ ಮೆಟ್ಟಿಲಲ್ಲಿ ನಿಂತು ಎರಡು ಸಲ ಇಣುಕಿದ್ದೆನಷ್ಟೆ, ಕಾಕಾನ ಇಡೀ ತರಗತಿ, ಮೊದಲಿನಿಂದ ಕೊನೆಯವರೆಗೆ, ಚಕ್ರ ತಿರುಗಿಸುವ ಕೈಯ ಸಹಿತ ನನಗೆ ಬಾಯಿಪಾಠ! ಶಹಾಪುರದಲ್ಲಿ ನನ್ನ ತಂಗಿಯ ಹೊಸ ಮನೆಯ ಪ್ರವೇಶದ ದಿನ ಊಟವಾದ ಮೇಲೆ ಎಲ್ಲರೂ ಒತ್ತಾಯಿಸಿದರು. ಕಾಕಾ ಅಲ್ಲೇ ಮೂಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಬಿಡಬಹುದಿತ್ತು. ಬಿಡಲಿಲ್ಲ. ಮಾಡಿದೆ, ಅವರ ಕಣ್ಣೆದುರಿಗೇ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಯಾರೋ ಮೊಬೈಲಿನಲ್ಲಿ ಹಿಡಿದುಕೊಂಡರು. ಕಾಕಾ ಕೂಡ ನಕ್ಕರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು:

"ಚೊಲೋ ಮಾಡ್ದಿ. ಖರೆ, ಬಿಡೂದ ಭಾಳ ಜಲ್ದಿ ಬಿಟ್ಟಿ. ಎಂಟು ಎಣಸ್ಬೇಕಿತ್ತು."

ಈ ಮಾತನ್ನೂ ನಾನು ಮುಂದೆ ತಮಾಷೆಯ ಕೊನೆಗೆ ಸೇರಿಸಿಕೊಂಡೆ ಎಂದರೆ ನನ್ನ ನಾಚಿಕೆಗೇಡಿತನ ನಿಮಗೆ ತಿಳಿಯಬಹುದು.

ಆ ವಿಡಿಯೋ ನೆಂಟರ ವಾಟ್ಸಾಪಿನಿಂದ ಸುರಪುರಕ್ಕೆ ಹೋಯಿತು. ಚಹಾದಂಗಡಿಯಲ್ಲಿ ಗಿರಾಕಿಗಳು "ಏನ್ರಿ, ಗೇಟ್ ಎತ್ತೀರೇನು?" ಎಂದು ಕೇಳತೊಡಗಿದರು. ಟೇಲರನ ಹೆಂಡತಿ ಅವನನ್ನು ಮನೆಯಿಂದ ಬಿಡಲಿಲ್ಲ. ಅಕ್ಕೋರಿಗೆ ತಮ್ಮನ್ನೂ ನೋಡಿ ಜನ ನಗುತ್ತಿದ್ದಾರೆ ಅನ್ನಿಸಿತು. ಹದಿನೈದು ದಿನದಲ್ಲಿ ಮಾಳಿಗೆ ಖಾಲಿಯಾಯಿತು. ಚಿಗವ್ವ ಫೋನಿನಲ್ಲಿ ಇಷ್ಟೇ ಹೇಳಿದಳು: "ಯಾರೂ ಬರವಲ್ರು ಯಪ್ಪಾ. ಇವರು ಒಬ್ಬರ ಮ್ಯಾಲ ಹೋಗಿ ಚಾಪಿ ಹಾಸಿ ದಾರಿ ನೋಡಿ, ಸುತ್ತಿಕೊಂಡು ಇಳೀತಾರ." ನನ್ನ ಅಣಕದಿಂದ ಹೀಗಾಯಿತು ಎಂದು ಅವಳೂ ಹೇಳಲಿಲ್ಲ, ಕಾಕಾನೂ ಹೇಳಲಿಲ್ಲ. ಒಂದು ದಿನ ಕಾಕಾನೇ ಫೋನು ಮಾಡಿದರು. "ನಲವತ್ತು ದಿನಾ ಬ್ಯಾಡ ಬಿಡು ತಮ್ಮಾ, ನಿನಗ ಫುರಸತ್ ಇಲ್ಲ. ಒಂದ್ ದಿನಾ ಬಂದು ಕುಂದ್ರು." ಬರುತ್ತೇನೆ ಎಂದೆ. ಕ್ಷಮೆ ಕೇಳಬೇಕೆಂದೂ ಅಂದುಕೊಂಡೆ. ಕ್ಷಮೆ ಕೇಳುವ ಮುಖ ಇರಲಿಲ್ಲವಾದ್ದರಿಂದ ಹೋಗಲಿಲ್ಲ. ಹೋಗದೆ ಹೋಗದೆ ಇನ್ನಷ್ಟು ಮುಖ ಇಲ್ಲದಂತಾಯಿತು. ಎರಡು ವರ್ಷ ಹೀಗೆ ಕಳೆದೆ.

ಅಷ್ಟರಲ್ಲಿ ಕಾಕಾನಿಗೆ ಮರೆವು ಶುರುವಾಯಿತು. ಮೊದಲು ಅಂಗಡಿಯ ದಾರಿ, ಆಮೇಲೆ ಮಕ್ಕಳ ಹೆಸರು. ಕೊನೆಗೊಮ್ಮೆ ಚಿಗವ್ವ ಫೋನಿನಲ್ಲಿ ಅತ್ತಳು. "ದಿನಾ ಮಾಳಗಿ ಹತ್ತತಾರ, ಮೂಗಿನ ಮ್ಯಾಲ ಬಟ್ಟು ಇಟಗೊತಾರ, ಮುಂದ ಏನ್ ಮಾಡೂದು ಅಂಬೋದು ನೆನಪಾಗವಲ್ದು. ಹಂಗ ಕುಂದ್ರತಾರ ಬಿಸಲಾಗೂತನಾ." ಆ ಶನಿವಾರ ಸಂಜೆಯೇ ಸುರಪುರಕ್ಕೆ ಹೋದೆ.

ಮರುದಿನ ಬೆಳಿಗ್ಗೆ ಮಾಳಿಗೆ ಹತ್ತಿದಾಗ ಕಾಕಾ ಚಾಪೆಯ ಮೇಲೆ ಕುಳಿತಿದ್ದರು, ಬೆರಳು ಮೂಗಿನ ಮೇಲೆ. ನನ್ನನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿದರು.

"ಬರ್ರಿ ಸಾಹೇಬ್ರ, ಕುಂದ್ರಿ." ಆಮೇಲೆ ಸಂಕೋಚದಿಂದ ಕೇಳಿದರು, "ಇದರ ಮುಂದ ಏನ್ ಮಾಡ್ಬೇಕ್ರಿ? ನಿಮಗೇನರ ಮಾಲೂಮ್ ಅದ ಏನು?"

ನನಗೆ ಮಾಲೂಮ್ ಇತ್ತು. ಇಡೀ ಜಿಲ್ಲೆಯಲ್ಲಿ ಅಕ್ಷರ ಬಿಡದೆ ನನ್ನೊಬ್ಬನಿಗೇ ಮಾಲೂಮ್ ಇತ್ತು, ಕುಚೇಷ್ಟೆಗೆಂದು ಕಲಿತದ್ದು. ಗಂಟಲು ಸರಿಮಾಡಿಕೊಂಡು, ಕೈಯಲ್ಲಿ ಇಲ್ಲದ ಚಕ್ರ ಹಿಡಿದು, ಅವರದೇ ದನಿಯಲ್ಲಿ ಶುರುಮಾಡಿದೆ. "ಗೇಟ್ ಎತ್ರಿ... ನಿಧಾನ... ನಾಕು ಎಣಸ್ರಿ..." ಕಾಕಾ ಕಣ್ಣು ಮುಚ್ಚಿ, ಹೊಸದಾಗಿ ಶಾಲೆಗೆ ಸೇರಿದವರ ಹಾಗೆ ಹೇಳಿದ್ದನ್ನು ಹೇಳಿದಂತೆ ಮಾಡಿದರು. ಅವರ ಜೊತೆ ನಾನೂ ಉಸಿರು ತೆಗೆದುಕೊಂಡೆ, ಜೀವನದಲ್ಲಿ ಮೊದಲ ಸಲ ಪೂರ್ತಿ. ಯಾರೂ ನಗಲಿಲ್ಲ. ಬಿಡುವಾಗ ಈ ಸಲ ಎಂಟೂ ಎಣಿಸಿದೆ.

ಮುಗಿದ ಮೇಲೆ ಕಾಕಾನ ಮುಖ ಹಗುರಾಗಿತ್ತು.

"ಭಾಳ ಚೊಲೋ ಹೇಳಿಕೊಡ್ತೀರಿ. ಯಾರ ಕಡಿಂದ ಕಲ್ತೀರ್ರಿ?"

"ನಮ್ಮ ಕಾಕಾನ ಕಡಿಂದ್ರಿ."

"ಅವರಿಗಿ ಹೇಳೀರೇನು, ನಿಮ್ಮ ವಿದ್ಯಾ ನನಗ ಮುಟ್ಟೇದ ಅಂತ?"

"ಇಲ್ರಿ. ಹೇಳ್ಬೇಕು."

"ಹೇಳ್ಬೇಕು ಅನಬ್ಯಾಡ್ರಿ, ಇವತ್ತ ಹೇಳ್ರಿ. ಹಿರೇರು, ಖುಷ್ ಆಗ್ತಾರ."

ನಾನು ಅವರ ಎರಡೂ ಕೈ ಹಿಡಿದುಕೊಂಡೆ. "ಕಾಕಾ, ನಿಮ್ಮ ವಿದ್ಯಾ ನನಗ ಮುಟ್ಟೇದ್ರಿ" ಎಂದೆ.

ನಾನು ಯಾರಿಗೆ ಹೇಳಿದೆ ಎಂದು ಕಾಕಾ ಹಿಂದಕ್ಕೆ ತಿರುಗಿ ನೋಡಿದರು.