ಕುರೆಕುಪ್ಪದಾಗ ಒಂದು ಬಿಳಿ ಕಾರು

ಕೆಂಪು ಧೂಳಿನ ಊರಾಗ ಬಿಳಿ ಕಾರು ತಗೊಂಡಾವ ನಗೆಪಾಟಲಾಗಾಕ ಬ್ಯಾರೆ ಕೆಲಸ ಹುಡುಕಬೇಕಿಲ್ಲ. ಬೆಳಿಗ್ಗೆ ಎದ್ದು ಬಾಗಿಲು ತೆಗೆದ್ರ ಸಾಕು, ಒಂದಿಲ್ಲೊಂದು ನಡದ ನಡೀತೈತಿ.

ನಾನು ಕುರೆಕುಪ್ಪದಾಗ ಹೈಸ್ಕೂಲ್ ಡ್ರಿಲ್ ಮಾಸ್ತರ. ಶನಿವಾರ ಹುಡುಗ್ರ ಬಿಳಿ ಬೂಟಿನ ಮ್ಯಾಲೆ ಒಂದು ಕಲೆ ಕಂಡ್ರೂ ಗ್ರೌಂಡಿಗೆ ಎರಡು ಸುತ್ತು ಓಡಿಸೋ ಆಸಾಮಿ. ಅಂಥಾವ ಕಾರು ತಗೊಂಡ್ರ ಬಿಳೀದ ತಗೋಬೇಕಲ್ಲ, ಸಂಕ್ರಾಂತಿಗೆ ತಗೊಂಡೆ. ಸಂಡೂರು ಗುಡ್ಡದಿಂದ ಬರೋ ಅದಿರಿನ ಲಾರಿ ಎಲ್ಲಾ ನಮ್ಮ ಮನಿ ಮುಂದ ಹಾಯ್ದು ಹೋಗ್ತಾವು ಅನ್ನೋದು ಆ ಹೊತ್ತಿನ್ಯಾಗ ತಲಿಗೆ ಬರ್ಲಿಲ್ಲ.

ಮನಿಯಾಕಿ ತಲಿಗೆ ಬಂದಿತ್ತು. "ಮರೂನ್ ಬಣ್ಣದ್ದು ತಗೊಳ್ರಿ" ಅಂತ ಬಡ್ಕೊಂಡಿದ್ಲು. ಆಕಿ ತಮ್ಮಂದು ಹೊಸಪೇಟ್ಯಾಗ ಕಾರಿಗೆ ಬಣ್ಣ ಹೊಡಿಯೋ ಗ್ಯಾರೇಜು. ಅವನೂ ಅದನ್ನ ಹೇಳಿದ್ದ. ಬಾಮೈದ ಹೇಳಿದ್ದು ಕೇಳಿದ್ರ ನಮ್ಮ ಮರ್ಯಾದಿ ಏನು ಉಳೀತೈತಿ, ನೀವ ಹೇಳ್ರಿ.

ಕಾರು ಬಂದ ದಿನಾನ ಆಕಿ ಷರತ್ತು ಹಾಕಿದ್ಲು. "ವರ್ಷದೊಳಗ ಒಂದ ಒಂದು ದಿನ, ಸೂರ್ಯ ಹುಟ್ಟಿದಾಗಿಂದ ಮುಳುಗೋತನಕ, ಇದನ್ನ ಬೆಳ್ಳಗ ಇಟ್ಟು ತೋರ್ಸ್ರಿ. ಆಗ್ಲಿಲ್ಲಂದ್ರ ನನ್ನ ತಮ್ಮಗ 'ನಿಮ್ಮಕ್ಕ ಹೇಳಿದ್ದ ಖರೆ' ಅನ್ಬೇಕು. ಅವ ಮರೂನ್ ಬಣ್ಣ ಬಳೀತಾನ."

"ಒಂದು ದಿನ ಯಾಕ, ತಿಂಗಳಾನುಗಟ್ಲೆ ಇಡ್ತೀನಿ" ಅಂದೆ. ಬಾಯಿ ನಂದು, ಸುಮ್ಮನ ಇರಬೇಕಲ್ಲ!

ಮೊದಲನೇ ಬಕೆಟ್

ಮರುದಿನ ಎದ್ದು ನೋಡಿದ್ರ ಟಾಪಿನ ಮ್ಯಾಲೆ ಬೆರಳಿಂದ ಹೆಸರು ಬರಿಯೋವಷ್ಟು ಧೂಳು. ಒಂದು ಬಕೆಟ್ ನೀರು ತಂದು ಸುರುವಿದೆ. ಧೂಳು ರಾಡಿಯಾಗಿ ಗಾಜು, ಬಾಗಿಲು, ಗಾಲಿ ಎಲ್ಲಾದರ ಮ್ಯಾಲೂ ಇಳೀತು. ಅದಿರಿನ ಧೂಳಿಗೆ ನೀರು ಹಾಕಬಾರದು, ಮೊದಲು ಒಣಾ ಪೊರಕಿ, ಆಮ್ಯಾಲೆ ಬಟ್ಟಿ, ಕಡೀಕ ನೀರು ಅನ್ನೋದು ಊರಾಗ ಸಣ್ಣ ಮಕ್ಕಳಿಗೂ ಗೊತ್ತೈತಿ. ಸಿಟ್ಟಿನ ಭರಕ್ಕ ನನಗ ಮರ್ತಿತ್ತು.

ಎದುರು ಮನಿ ಅಜ್ಜಿ ಬಂದು ನಿಂತು ನೋಡಿದ್ಲು. "ಭಾಳ ಚೊಲೋ ಸಾರಿಸೀಯಪ್ಪ ಮಾಸ್ತರ. ಇನ್ನ ಒಂದು ರಂಗೋಲಿ ಹಾಕಿಬಿಡು."

ಅವತ್ತಿಂದ ದಿನಾ ಬೆಳಿಗ್ಗೆ ಆರಕ್ಕ ಪೊರಕಿ ಹಿಡಿದು ಟಾಪು ಗುಡಿಸೋದು ನನ್ನ ನೇಮ ಆತು. ಜ್ವರ ಬಂದಾಗೂ ಬಿಡ್ಲಿಲ್ಲ.

ಕವರ್

ಆಮ್ಯಾಲೆ ಕಾರಿಗೆ ಒಂದು ಕವರ್ ತಂದೆ. ಪೊರಕಿಗೂ ರಜಾ ಕೊಟ್ಟು ಎಂಟು ದಿನ ಹೊದಿಸಿಟ್ಟೆ. ಒಳಗ ಕಾರು ಹಾಲಿನಂಗ ಇರ್ತೈತಿ, ಇವತ್ತು ತೆಗೆದು ಆಕಿಗೆ ತೋರಿಸಿಬಿಡ್ತೀನಿ ಅಂತ ಸ್ವಾತಂತ್ರ್ಯ ದಿನದ ಬೆಳಿಗ್ಗೆ ಬಿಳಿ ಪ್ಯಾಂಟು, ಬಿಳಿ ಅಂಗಿ ಹಾಕ್ಕೊಂಡು ಕವರಿನ ತುದಿ ಹಿಡಿದು ಜಗ್ಗಿದೆ. ಕಾರು ಖರೇನ ಬೆಳ್ಳಗಿತ್ತು. ಆದ್ರ ಎಂಟು ದಿನದ ಧೂಳು ಒಮ್ಮೆಲೆ ನನ್ನ ತಲಿ ಮ್ಯಾಲೆ ಕುಂತಿತು. ಗಾಬರಿಯಾಗಿ ಮೈ ಝಾಡಿಸಿದೆ, ಅದೆಲ್ಲಾ ಮತ್ತ ಕಾರಿನ ಮ್ಯಾಲೆ ಹೋತು. ಹೊತ್ತಾಗಿತ್ತು. ಹಂಗ ಶಾಲಿಗೆ ಓಡಿದೆ.

ಗೇಟಿನ್ಯಾಗ ಹೆಡ್ಮಾಸ್ತರು ಕೈ ಕುಲುಕಿದ್ರು. "ಗುಲಾಲ್ ಭರ್ಜರಿ ಹಾಕ್ಯಾರ. ಎಷ್ಟು ಓಟಿಂದ ಗೆದ್ರಿ?"

ಕಂಪ್ಲಿಗೆ ವಲಸೆ

ಇದು ಊರಿನ ತಪ್ಪು, ಕಾರಿಂದಲ್ಲ ಅಂತ ತಿಳಕೊಂಡು ಒಂದು ಭಾನುವಾರ ಕಾರು ತೊಳೆದು, ಮನಿಯಾಕಿನ್ನ ಕೂಡ್ರಿಸಿಕೊಂಡು ಕಂಪ್ಲಿಗೆ ಹೋದೆ. ಎಲ್ಲಿ ನೋಡಿದ್ರಲ್ಲಿ ಭತ್ತದ ಗದ್ದಿ, ಅದಿರಿನ ಲಾರಿ ಸುಳಿವ ಇಲ್ಲ. ಗೆಳೆಯನ ಮನಿ ಮುಂದ ಕಾರು ನಿಲ್ಲಿಸಿ, ಒಂದು ಸಲ ಒರಸಿ, ಒಳಗ ಹೋಗಿ ಮಸ್ತ್ ಊಟ ಮಾಡಿ ಮಲಗಿದೆ. ಎದ್ದು ಬಂದ್ರ ಟಾಪಿನ ತುಂಬಾ ಕರೇ ಬೂದಿ! ಪಕ್ಕದ ಅಕ್ಕಿ ಮಿಲ್ಲಿನ್ಯಾಗ ಹೊಟ್ಟು ಸುಡ್ತಿದ್ರು. ನನಗ ಅಳೂದೊಂದು ಬಾಕಿ.

ಗೆಳೆಯ ಸಮಾಧಾನ ಮಾಡಿದ. "ಕೆಂಪು ಬ್ಯಾಡಂದಿ, ಕಪ್ಪು ಕೊಟ್ವಿ. ಇದಕ್ಕಿಂತ ಹೆಚ್ಚಿನ ಉಪಚಾರ ಹೆಂಗ ಮಾಡೋದಲೇ?"

ಮನಾಲಿ

ವರ್ಷ ತುಂಬಾಕ ಹದಿನೈದು ದಿನ ಉಳಿದಿದ್ವು. ಹಿಮ ನೋಡಬೇಕು ಅನ್ನೋದು ಮನಿಯಾಕಿ ಭಾಳ ದಿನದ ಆಸೆ. ರಜಾ ಹಾಕಿ ಕಾರಿನ್ಯಾಗ ಹೊಂಟ್ವಿ. ಬ್ಯಾಗು ಟಾಪಿನ ಕ್ಯಾರಿಯರಿಗೆ ಕಟ್ಟಿ, ಮ್ಯಾಲೆ ಒಂದು ತಾಡಪಾಲು ಹೊದಿಸಿದೆ. ಅದಿರಿನ ಲಾರಿ ಇಟ್ಟಿರೋ ಹಳೇ ಶಿಷ್ಯ ಕೊಟ್ಟಿದ್ದು. ಅದನ್ನ ಝಾಡಿಸಿದ್ದೆ, ಆದ್ರ ಮಡಿಕಿಯೊಳಗ ಏನೈತಿ ಅಂತ ನೋಡಿರಲಿಲ್ಲ.

ಮನಾಲಿ ಮುಟ್ಟಿದ ಸಂಜಿ ಬ್ಯಾಗು ಒಳಗ ತಗೊಂಡು, ತಾಡಪಾಲು ಮಡಚಿ ಕ್ಯಾರಿಯರಿನ ಮ್ಯಾಲೆ ಬಿಟ್ಟೆ. ಬೆಳಿಗ್ಗೆ ಕಿಟಕಿ ತೆಗೆದ್ರ ನನ್ನ ಕಾರು ಬೆಳ್ಳಗ! ಟಾಪಿನ ಮ್ಯಾಲೆ ಮೊಳದೆತ್ತರ ಹಿಮ. ಗಾಲಿ ಸೈತ ಬೆಳ್ಳಗ.

"ಏಳು, ಬಂದು ನೋಡು" ಅಂತ ಕೂಗಿದೆ. ಆಕಿ ಎರಡು ರಗ್ಗು ಸುತ್ಕೊಂಡು ಬಂದು ನೋಡಿ, "ಇನ್ನಾ ಸಂಜಿ ಆಗಿಲ್ಲ" ಅಂದ್ಲು. ಆದ್ರ ಮಾರಿ ಸಪ್ಪಗಾಗಿತ್ತು. ನನಗ ಎಷ್ಟು ಖುಷಿ ಆತಂದ್ರ ಚಳಿ ಮರೆತು ಕೆಳಗ ಇಳಿದೆ.

ಹೋಟೆಲಿನ ಮ್ಯಾನೇಜರ್ ಹಿಂದಿಯೊಳಗ ಹೇಳಿದ: ರೋಡು ಬಂದ್ ಆಗೈತಿ, ಇವತ್ತು ಯಾರೂ ಕಾರು ತೆಗಿಯಂಗಿಲ್ಲ, ಚಾ ಕುಡಿದು ಆರಾಮ ಕುಂದ್ರಿ. ಅಂಗಳದಾಗ ಸಾಲಾಗಿ ನಿಂತಿದ್ದ ಕಾರು ಒಂದನ್ನೂ ಯಾರೂ ಮುಟ್ಟಿರಲಿಲ್ಲ. ನಾನೂ ಸಂಜಿತನಕ ಕುಂತಿದ್ರ ಮುಗೀತಿತ್ತು. ಆದ್ರ ದಿನಾ ಗುಡಿಸೋ ಹೊತ್ತು ಆಗ್ಲೇ ಮೀರಿತ್ತು. ಟಾಪಿನ ಮ್ಯಾಲೆ ಏನೋ ಕುಂತೈತಿ, ಮೂಲ್ಯಾಗ ಒಂದು ಪೊರಕಿ ಕಾಣ್ತೈತಿ. ವರ್ಷದ ಕೈ, ತಡೀಲಿಲ್ಲ. ಎಲ್ಲಾ ಮರೆತು ಗುಡಿಸಾಕ ಹತ್ತಿಬಿಟ್ಟೆ.

ಅರ್ಧ ಗುಡಿಸಿದ ಮ್ಯಾಲೆ ತಾಡಪಾಲಿನ ತುದಿ ಕಂಡಿತು. ಅದನ್ನ ಹಿಡಿದು ಜಗ್ಗಿದ್ರ ಹಿಮ ಎಲ್ಲಾ ಒಮ್ಮೆಲೆ ಬರ್ತೈತಿ ಅಂತ ಜೋರಾಗಿ ಜಗ್ಗಿದೆ. ಬಂತು. ಮಡಿಕಿಯೊಳಗಿನ ಸಂಡೂರು ಧೂಳೂ ಬಂತು. ಕರಗಿದ ಹಿಮದಾಗ ಕಲೆತು ಕಿಟಕಿ, ಬಾಗಿಲು ಹಾಯ್ದು ಕೆಳಗಿನ ಬಿಳಿ ಹಿಮದ ಮ್ಯಾಲೆ ಕೆಂಪಗ ಹರೀತು.

ಚಾ ಕುಡೀತಿದ್ದ ಹೆಣ್ಮಗಳೊಬ್ಬಾಕಿ "ಖೂನ್!" ಅಂತ ಚೀರಿದ್ಲು. ಮಂದಿ ಕೂಡಿತು. ರೋಡಿನ್ಯಾಗ ಡ್ಯೂಟಿ ಮಾಡ್ತಿದ್ದ ಪೊಲೀಸಪ್ಪ ಓಡಿ ಬಂದು ಡಿಕ್ಕಿಗೆ ಲಾಠಿ ಬಡಿದ. "ಅಂದರ್ ಕೌನ್ ಹೈ?" ಒಳಗ ಯಾರದಾರ ಅಂತ!

ನನ್ನ ಹಿಂದಿ ಸಾವಧಾನ್, ವಿಶ್ರಾಮ್‌ಗೆ ಮುಗೀತೈತಿ. ಡಿಕ್ಕಿ ತೆಗೆದೆ. ಒಳಗ ಒಣಾ ಜೋಳದ ರೊಟ್ಟಿ ಡಬ್ಬಿ, ಶೇಂಗಾ ಚಟ್ನಿ. ಅಷ್ಟೊತ್ತಿಗೆ ಮನಿಯಾಕಿ ಇಳಿದು ಬಂದು, ತಾಡಪಾಲಿನ ಮ್ಯಾಲೆ ಬೆರಳಾಡಿಸಿ ಅವನಿಗೆ ತೋರಿಸಿದ್ಲು. "ಖೂನ್ ನಹೀ ಸಾಬ್, ಲೋಹಾ. ಹಮಾರೆ ಗಾಂವ್ ಕಾ ಮಿಟ್ಟಿ." ರಕ್ತ ಅಲ್ಲ, ನಮ್ಮೂರಿನ ಕಬ್ಬಿಣದ ಮಣ್ಣು ಅಂತ. ಅವ ಮುಟ್ಟಿ ನೋಡಿ, ನಕ್ಕು, ಎರಡು ರೊಟ್ಟಿ ತಗೊಂಡು ಹೋದ.

ಮಂದಿ ಕರಗಿದ ಮ್ಯಾಲೆ ತಿರುಗಿ ನೋಡಿದೆ. ಸಾಲಿನ್ಯಾಗ ಎಲ್ಲಾರ ಕಾರೂ ಬೆಳ್ಳಗದಾವು, ನಂದೊಂದ ಕೆಂಪು.

"ಸಂಜಿತನಕ ಕೈ ಕಟ್ಕೊಂಡು ಕುಂತಿದ್ರ ಗೆದ್ದಿದ್ರಲ್ರೀ" ಅಂದ್ಲು ಮನಿಯಾಕಿ. ಅನ್ಕೊಂತನ ತಮ್ಮಗ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಲು.

ಕಣ್ಣು ಮುಚ್ಚಿ ಹೇಳಿಬಿಟ್ಟೆ. "ನಿಮ್ಮಕ್ಕ ಹೇಳಿದ್ದ ಖರೆ."

ಬಾಮೈದ ಭಾಳ ಮರ್ಯಾದಿಯಿಂದ ಅಂದ, "ಮಾವ, ತಡೀರಿ, ಸ್ಪೀಕರ್ ಹಾಕ್ತೀನಿ. ಗ್ಯಾರೇಜಿನ ಮಂದಿ ವರ್ಷದಿಂದ ಕಾಯಾಕ ಹತ್ಯಾರ. ಇನ್ನೊಂದ್ಸಲ ಹೇಳ್ರಿ."