ಬಾಜೂ ಮನಿ ಲೇಸರ್ ಮಷೀನ್ ಕಣ್ಣ ಮುಚ್ಚಿದ್ದು

ನಮ್ಮ ಇಳಕಲ್ಲಿನ ಓಣ್ಯಾಗ ಯಾರ ಮನಿಗೆ ಹೊಸಾ ಮಷೀನ್ ಬಂದ್ರೂ ಮೊದಲ ಕೆಡೋದು ಆ ಮನ್ಯಾಗಿನ ಮಾತು, ಆಮ್ಯಾಲ ಮಷೀನು. ಈ ಸಲ ಪಾಳಿ ನಮ್ಮ ಬಾಜೂ ಮನೀದು.

೧. ಹಸಿ ಕಟಿಗಿ

ಬಾಜೂ ಮನಿಯಂವ ಹಗಲೆಲ್ಲಾ ಪಾವರಲೂಮ್ ನಡಸ್ತಾನ. ಹೌಸಿಗಂತ ಒಂದು ಸಣ್ಣ ಲೇಸರ್ ಮಷೀನ್ ತರಿಸ್ಯಾನ. ನೀಲಿ ಬೆಳಕ ಬಿಟ್ಟು ಪ್ಲೈವುಡ್ಡಿನ ಮ್ಯಾಲ ಹೆಸರ ಕೊರಿತೈತಿ. ಅವನ ಹೇಂತಿ ತವರಿಗೆ ಫೋನ್ ಹಚ್ಚಿ, "ಅಣ್ಣಾ, ಬಾಗಲಕೋಟಿ ನವನಗರದ ನಿನ್ನ ಹೊಸಾ ಮನಿಗೆ ಹೆಸರಿನ ಬೋರ್ಡ್ ನಮ್ದು. ಬ್ಯಾರೆ ಎಲ್ಲೂ ಮಾಡಸಬ್ಯಾಡ" ಅಂದ್ಲು. ಮರುದಿನಾನ ಮಷೀನ್ ಕೊರಿಯೋದ ಬಿಟ್ಟು ಚಾದ ಕಲಿಯಂಥಾ ಗೀರ ಎಳೀಲಿಕ್ಕ ಹತ್ತಿತು.

ಅಂವ "ಪ್ಲೈವುಡ್ ಹಸಿ ಐತಿ" ಅಂತ ಮಾಳಿಗಿ ಮ್ಯಾಲ ಶಂಡಿಗಿ ಒಣಗಿಸಿದಂಗ ಒಣಗಿಸಿದ. "ಕರೆಂಟ್ ಕಡಿಮಿ" ಅಂದ. ಕಡೀಕ ಪಾವರ್ ಫುಲ್ ಇಟ್ಟು, ಮಷೀನಿನ ನಡಿಗಿ ಸಾವಕಾಶ ಮಾಡಿದ. ಗೀರ ಇನ್ನಷ್ಟ ಮಸಕಾತು.

"ಗೃಹಪ್ರವೇಶಕ್ಕ ಬರಿಗೈಲೆ ಹೋದ್ರ ನಮ್ಮ ಅತ್ತಿಗಿ ಏನಂತಾಳ ಗೊತ್ತೈತೇನ್ರಿ?" ಅಂದ್ಲು ಹೇಂತಿ.

"ಏನಂತಾಳ?"

"ಏನೂ ಅನ್ನಂಗಿಲ್ಲ. ನಗತಾಳ!"

೨. ಬಾಟ್ಲಿ

ಕಂಪನಿಗೆ ಫೋನ್ ಹಚ್ಚಿದ್ರ, "ಬೆಳಕ ಬರೋ ಲೆನ್ಸ್ ಹೊಲಸಾಗಿರಬೇಕು, ಆಲ್ಕೋಹಾಲ್ ಹಚ್ಚಿ ಒರಸ್ರಿ" ಅಂದ್ರು. ಔಷಧಿ ಅಂಗಡ್ಯಾಗ ಸ್ಪಿರಿಟ್ ಸಿಗತೈತಿ. ಈ ಶ್ಯಾಣ್ಯಾ, ಕೊರಳಾಗ ಲಿಂಗ ಕಟಗೊಂಡಂವ, ಸೀದಾ ವೈನ್ ಶಾಪಿಗೆ ಹೋಗಿ ರಮ್ ತಂದ. ಕಾಯಿಪಲ್ಲೆ ತರಾಕ ಹೋದಾಕಿ ನಾ ನೋಡಿದೆ. ಯಾರ ಮುಂದೂ ಹೇಳ್ಲಿಲ್ಲ, ಎದುರ ಮನಿಯಾಕಿಗಷ್ಟ ಹೇಳ್ದೆ. ಅಂವ ಮನಿ ಮುಟ್ಟೂದ್ರಾಗ ಅವರವ್ವ ಬಾಗಲಾಗ ನಿಂತಿದ್ಲು.

"ಏನಲೇ ಅದು ಬಗಲಾಗ?"

"ಯವ್ವಾ, ನನಗಲ್ಲ. ಮಷೀನಿಗೆ."

"ನಿಮ್ಮ ಕಾಕಾನೂ ಹಿಂಗ ಅಂತಿದ್ದ, ನನಗಲ್ಲ, ಮೊಳಕಾಲ ನೋವಿಗೆ ಅಂತ!"

೩. ಅಮಾಸಿ ಪೂಜಿ

ರಮ್ಮಿಗೂ ಮಷೀನ್ ಮಾತ ಕೇಳ್ಲಿಲ್ಲ. ನವನಗರದ ರಿಪೇರಿ ಅಂಗಡಿಗೆ ಹೊಂಟ. ನನಗೂ ಬಾಗಲಕೋಟ್ಯಾಗ ಕೆಲಸ ಇತ್ತು, ಜೋಡಿ ಹೋದೆ. ಏನ ಕೆಲಸ ಅಂತ ಕೇಳಬ್ಯಾಡ್ರಿ.

ರಿಪೇರಿಯಂವ ಬಿಚ್ಚಿ ನೋಡಿ, "ಲೆನ್ಸಿಗೆ ಈ ಬಿಳಿ ಪುಡಿ ಯಾರ ಹಚ್ಚಿದ್ರಿ?" ಅಂದ. ಇಂವ ಬಾಯಿ ತೆಗಿಯೂದ್ರಾಗ ನಾನ ಹೇಳ್ದೆ: "ಅವರವ್ವ ಹಚ್ಯಾರ್ರಿ. ಅಮಾಸಿಗೆ ಮಗ್ಗದ ಪೂಜಿ ಮಾಡ್ತಾರಲ್ಲ, ಇದಕ್ಕೂ ಮಾಡ್ಯಾರ. ಮಷೀನಿಗೆ ಹಣಿ ಎಲ್ಲೈತಿ ಅಂತ ತಿಳೀಲಿಲ್ಲ. ಬೆಳಕ ಬರೋ ಕಡೆ ಮೂರ ಬೆರಳಲೆ ವಿಭೂತಿ ಎಳದಾರ."

ರಿಪೇರಿಯಂವ ಹಣಿ ಬಡಕೊಂಡ. "ಮೊದಲ ವಿಭೂತಿ ಹಚ್ಚೀರಿ, ಅದರ ಮ್ಯಾಲ ಫುಲ್ ಪಾವರ್ ಬಿಟ್ಟೀರಿ, ಆಮ್ಯಾಲ ರಮ್ ಕುಡಿಸೀರಿ. ಒಳಗ ಬೆಳಕ ಬಿಡೋ ಡಯೋಡ್ ಸುಟ್ಟೈತ್ರಿ. ದೇವರಾಗಿದ್ರ ಮನಿ ಬಿಟ್ಟ ಓಡಿಹೋಗತಿದ್ದ. ಇದು ಡಯೋಡು, ಕುಂತಲ್ಲೇ ಸತ್ತೈತಿ!"

೪. ಬೋರ್ಡು

ಹೊಸಾ ಡಯೋಡ್ ಹಾಕಿಸಿಕೊಂಡ ಬಂದ್ವಿ. ಮರುದಿನಾನ ಗೃಹಪ್ರವೇಶ. ನೋಡಿದ್ರ ಮಷೀನ್ ಇಡೋ ಹಿಂದಿನ ಖೋಲ್ಯಾಗ ಕರೆಂಟಿಲ್ಲ. ಅಂವ ಪಡಸಾಲ್ಯಾಗ ಅವರವ್ವನ ಕಟಿಗಿ ಮಂಚದ ಹಾಸಿಗಿ ಸುತ್ತಿಟ್ಟು, ಬರೇ ಹಲಗಿ ಮ್ಯಾಲ ಪ್ಲೈವುಡ್ ಇಟ್ಟು ಮಷೀನ್ ಹೂಡಿದ. ನಾವೆಲ್ಲಾ ಬೆಳಕ ಕಣ್ಣಿಗೆ ಬಡೀಬಾರದಂತ ಹಸರ ಕನ್ನಡಕ ಹಾಕ್ಕೊಂಡು ಕಣ್ಣಿನ ಆಪರೇಷನ್ ಆದೋರಂಗ ನಿಂತ್ವಿ.

ಸತ್ತ ಡಯೋಡಿಗೆ ಇಟ್ಟಿದ್ದ ಸೆಟ್ಟಿಂಗ್ ಹಂಗ ಬಿಟ್ಟಿದ್ದ: ಪಾವರ್ ಫುಲ್, ನಡಿಗಿ ಬಸುರಿ ಎಮ್ಮೀದು. ಹೊಗಿ ಎದ್ದ ಎದ್ದ ಬಂತು. ಅಣ್ಣನ ಹೆಸರು, ಮುಂದ 'ನಿಲಯ', ಎಲ್ಲಾ ಠಳಕ್ಕ ಮೂಡಿತು.

"ಈಗ ನಗಲಿ ನಮ್ಮ ಅತ್ತಿಗಿ!" ಅಂತ ಹೇಂತಿ ಬೋರ್ಡ್ ಎತ್ತಿದ್ಲು. ಎತ್ತಿದಾಕಿ ಕಣ್ಣು ಮಂಚದ ಮ್ಯಾಲ ಹೋತು. ಬೆಳಕು ಬೋರ್ಡ್ ಕೊರದು, ಪಾರಾಗಿ, ಕೆಳಗಿನ ಮಂಚದ ಹಲಗಿನೂ ಕೊರದಿತ್ತು. ಬೋರ್ಡಿನ ಮ್ಯಾಲ ಎಷ್ಟ ಚಂದ ಇತ್ತೋ, ಮಂಚದ ಮ್ಯಾಲ ಅಷ್ಟ ಚಂದ, ಅಣ್ಣನ ಹೆಸರು, 'ನಿಲಯ'.

ಅವರವ್ವ ಬಂದು ಬಗ್ಗಿ, ಬೆರಳಿಟ್ಟು ಒಂದೊಂದ ಅಕ್ಷರ ಕೂಡಿಸಿ ಓದಿ, ಸೊಸಿ ಮಾರಿ ನೋಡಿದ್ಲು.

"ಇಷ್ಟ ವರ್ಷ ನಿನ್ನ ತವರಮನಿ ಹೆಸರ ಕಿವಿ ತುಂಬ ಕೇಳಿ ಮಲಗತಿದ್ದೆ. ಇನ್ನ ಅದರ ಮ್ಯಾಲೇ ಮಲಗಬೇಕಾತು ನೋಡವಾ!"